ಕಾಣದ ಹದಿಮೂರನೇ ಚಾನಲ್: ಲಿನಕ್ಸ್ ವೈಫೈ ಕಿಟಕಿಯ ಚರಿತ್ರೆ

ಅದು ಹೆಸರಿನ ಬೆಳೆ ವಿಮೆ ತುಂಬುವ ಕೊನೆಯ ದಿನ. ಬೆಳವಣಕಿಯಲ್ಲಿ ನಮಗೆ ಪರಿಚಯದ ಝೆರಾಕ್ಸ್ ಅಂಗಡಿಯ ಮುಂದೆ ಬೆಳಿಗ್ಗೆಯಿಂದಲೇ ಸಾಲು ಹಚ್ಚಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಉತಾರ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್. ನಾವು ಹೋದದ್ದು ಆ ಸಾಲಿನ ಫೋಟೊ ತೆಗೆದು ಪತ್ರಿಕೆಗೆ ನಾಲ್ಕು ಸಾಲು ಸುದ್ದಿ ಕಳಿಸಲಿಕ್ಕೆ. ಆದರೆ ನಮ್ಮನ್ನು ನೋಡಿದ ಕೂಡಲೇ ಅಂಗಡಿಯ ಹುಡುಗ ಹೊರಗೆ ಓಡಿಬಂದ.

‘ಅಣ್ಣಾರ, ಛಲೋ ಆತು ಬಂದ್ರಿ. ನಿನ್ನೆ ಹೊಸ ರೌಟರ್ ಹಾಕ್ಸೀವಿ. ಮೊಬೈಲ್‌ನ್ಯಾಗ ವೈಫೈ ಕಾಣಸ್ತೈತಿ, ಲ್ಯಾಪ್‌ಟಾಪ್‌ನ್ಯಾಗ ಹೆಸರ ಇಲ್ಲರೀ.’

ಆ ಲ್ಯಾಪ್‌ಟಾಪಿಗೂ ನಮಗೂ ಸಂಬಂಧವಿತ್ತು. ಅಮೆರಿಕದಲ್ಲಿರುವ ಅವರ ಸಂಬಂಧಿಕರೊಬ್ಬರು ಬಳಸಿ ಬಿಟ್ಟಿದ್ದ ಹಳೇ ಯಂತ್ರ ಅದು. ವಿಂಡೋಸ್ ಹಾಕಿದರೆ ಉಸಿರುಗಟ್ಟುತ್ತಿತ್ತು. ‘ಲಿನಕ್ಸ್ ಹಾಕಿಕೊಡ್ತೀವಿ, ಇನ್ನೂ ನಾಲ್ಕು ವರ್ಷ ಓಡ್ತದ’ ಎಂದು ಹೇಳಿ ಹಾಕಿಕೊಟ್ಟವರು ನಾವೇ. ಆದ್ದರಿಂದ ಈಗ ಜವಾಬ್ದಾರಿಯೂ ನಮ್ಮದೇ. ರೌಟರ್ ಇದ್ದದ್ದು ಹಿಂದಿನ ಮನೆಯ ಅಟ್ಟದ ಮೇಲೆ. ಅಲ್ಲಿಂದ ಅಂಗಡಿಗೆ ಎಳೆಯುವಷ್ಟು ಉದ್ದದ ವೈರ್ ಊರಲ್ಲಿ ಸಿಗಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದರೆ ವಿಮೆಯ ಪುಟ ಅರ್ಧ ತೆರೆದು ನಿಂತುಬಿಡುತ್ತಿತ್ತು.

ಮೂರು ತಾಸು ಹೋಯಿತು. ಕಾರ್ಡ್ ಬಿಚ್ಚಿ ಹಾಕಿದೆವು, ಯಂತ್ರ ಆರಿಸಿ ಹಚ್ಚಿದೆವು, ಡ್ರೈವರ್ ಮತ್ತೆ ಹಾಕಿದೆವು. ಕಡೆಗೆ ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮ್ಮ ಜೊತೆ ಓದಿ, ಈಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದಾಗ ಅವನು ಒಂದೇ ಪ್ರಶ್ನೆ ಕೇಳಿದ: ‘ರೌಟರ್ ಯಾವ ಚಾನಲ್‌ನ್ಯಾಗ ಐತಿ ನೋಡಿಯೇನು?’ ನೋಡಿದೆವು. ಹದಿಮೂರು. ಆಮೇಲೆ ಅವನು ಹೇಳಿದ ಒಂದು ಆಜ್ಞೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆದೆವು: ಐಡಬ್ಲ್ಯೂ ರೆಗ್ ಗೆಟ್. ಅಂದರೆ ‘ನೀನು ಯಾವ ದೇಶದ ಕಾಯ್ದೆಯ ಕೆಳಗೆ ಇದ್ದೀ?’ ಎಂದು ಕೇಳುವುದು. ಬೆಳವಣಕಿಯ ಅಂಗಡಿಯಲ್ಲಿ ಕುಳಿತ ಆ ಯಂತ್ರ ತಾನು ಅಮೆರಿಕದಲ್ಲಿದ್ದೇನೆ ಎಂದು ಉತ್ತರ ಕೊಟ್ಟಿತು. ಅಮೆರಿಕದ ಲೆಕ್ಕದಲ್ಲಿ ವೈಫೈ ಚಾನಲ್ ಹನ್ನೊಂದಕ್ಕೆ ಮುಗಿಯುತ್ತದೆ. ಹದಿಮೂರನೆಯದರ ಕಡೆ ಅದು ಕಿವಿಯನ್ನೇ ಕೊಡುತ್ತಿರಲಿಲ್ಲ.

‘ಭಾರತ ಅಂತ ಬದಲಿಸು’ ಎಂದು ಆಜ್ಞೆ ಕೊಟ್ಟೆವು. ಯಂತ್ರ ಆಜ್ಞೆಯನ್ನು ತೆಗೆದುಕೊಂಡಿತು, ಆದರೆ ಹದಿಮೂರು ಮಾತ್ರ ತೆರೆಯಲಿಲ್ಲ. ಕೊನೆಗೆ ಅಟ್ಟ ಹತ್ತಿ ರೌಟರನ್ನೇ ಆರನೇ ಚಾನಲ್‌ಗೆ ಇಳಿಸಿದೆವು. ಐದು ನಿಮಿಷದ ಕೆಲಸ.

ಆ ದಿನದಿಂದ ನಮಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ಯಂತ್ರ ನಮ್ಮದು, ಊರು ನಮ್ಮದು, ದೇಶದ ಕಾಯ್ದೆಯೂ ನಮ್ಮ ಕಡೆ. ಹಾಗಿದ್ದೂ ನಮ್ಮ ಆಜ್ಞೆ ನಡೆಯಲಿಲ್ಲ. ರೇಡಿಯೊ ಕಾರ್ಡಿನ ಮೇಲೆ ಯಾರ ಮಾತು ಎಷ್ಟು ನಡೆಯಬೇಕು ಎಂಬುದನ್ನು ಯಾರು, ಯಾವಾಗ, ಹೇಗೆ ತೀರ್ಮಾನ ಮಾಡಿದರು? ಹುಡುಕುತ್ತ ಹೋದಾಗ ಸಿಕ್ಕದ್ದು ಸುಮಾರು ಮೂವತ್ತು ವರ್ಷದ ಒಂದು ಚರಿತ್ರೆ. ಅದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಆದರೆ ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲು ವೈಫೈ ಹಿಡಿಯುವುದು ಆ ಚರಿತ್ರೆಯಲ್ಲಿ ಆದ ತೀರ್ಮಾನಗಳ ಪ್ರಕಾರವೇ.

ಒಳಮನೆ, ಪಡಸಾಲೆ ಮತ್ತು ನಡುವಿನ ಕಿಟಕಿ

ಮೊದಲು ಎರಡು ಪದ. ಕಂಪ್ಯೂಟರಿನ ಒಳಗೆ ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುವ ಹಕ್ಕಿರುವ ತಂತ್ರಾಂಶ ಒಂದೇ. ಅದು ಕರ್ನಲ್. ಮೆಮರಿ, ಡಿಸ್ಕ್, ವೈಫೈ ಕಾರ್ಡ್ ಎಲ್ಲ ಅದರ ವಶ. ಬ್ರೌಸರ್, ಟೈಪಿಂಗ್, ಪ್ರಿಂಟ್ ಹೀಗೆ ನಾವು ಬಳಸುವ ಪ್ರೋಗ್ರಾಮುಗಳು ಇರುವ ಜಾಗಕ್ಕೆ ಯೂಸರ್‌ಸ್ಪೇಸ್ ಎನ್ನುತ್ತಾರೆ. ತಹಶೀಲ್ದಾರ್ ಕಚೇರಿಯ ದಫ್ತರ ಕೋಣೆಯನ್ನು ನೆನಪು ಮಾಡಿಕೊಳ್ಳಿ. ಒಳಗೆ ಹೋಗಿ ಕಡತ ತೆಗೆಯುವ ಹಕ್ಕು ನಮಗಿಲ್ಲ. ಹೊರಗೆ ಪಡಸಾಲೆಯಲ್ಲಿ ನಿಂತು ಕಿಟಕಿಯಲ್ಲಿ ಅರ್ಜಿ ಕೊಡಬೇಕು, ಒಳಗಿನವರು ಕಡತ ತಂದುಕೊಡುತ್ತಾರೆ. ಕರ್ನಲ್ ಮತ್ತು ಯೂಸರ್‌ಸ್ಪೇಸ್ ನಡುವೆಯೂ ಇಂಥ ಕಿಟಕಿಗಳಿವೆ. ಯಾವ ಕಿಟಕಿಯಲ್ಲಿ, ಯಾವ ನಮೂನೆಯ ಅರ್ಜಿ, ಯಾವ ಕ್ರಮದಲ್ಲಿ ಕೊಡಬೇಕು ಎಂಬ ಒಪ್ಪಂದಕ್ಕೆ ಇಂಟರ್‌ಫೇಸ್ ಎಂದು ಹೆಸರು.

ಲಿನಕ್ಸ್ ಕರ್ನಲ್ ಬರೆಯುವವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ದಫ್ತರ ಕೋಣೆಯ ಒಳಗೆ ಏನು ಬೇಕಾದರೂ ಬದಲಾಯಿಸಬಹುದು, ಆದರೆ ಜನ ಬಳಸಲು ಶುರು ಮಾಡಿದ ಕಿಟಕಿಯನ್ನು ಕೆಡಿಸಬಾರದು. ನಿನ್ನೆ ಓಡುತ್ತಿದ್ದ ಪ್ರೋಗ್ರಾಮು ಕರ್ನಲ್ ಹೊಸದಾಯಿತು ಎಂಬ ಕಾರಣಕ್ಕೆ ಇವತ್ತು ನಿಲ್ಲಬಾರದು. ಕೇಳಲಿಕ್ಕೆ ಒಳ್ಳೆಯ ನಿಯಮ. ಆದರೆ ಇದರ ಇನ್ನೊಂದು ಅರ್ಥ, ಅವಸರದಲ್ಲಿ ಕಟ್ಟಿದ ಕೆಟ್ಟ ಕಿಟಕಿಯನ್ನೂ ದಶಕಗಟ್ಟಲೆ ಸಾಕಬೇಕು. ವೈಫೈ ವಿಷಯದಲ್ಲಿ ಆದದ್ದು ಅದೇ.

1997ರ ಹಳೇ ಕಿಟಕಿ

ನಮ್ಮ ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಜಗತ್ತಿನ ಮೊದಲ ವೈಫೈ ಮಾನದಂಡ, ಅಂದರೆ 802.11 ಎಂಬ ಸಂಖ್ಯೆಯ ನಿಯಮಾವಳಿ, ಬಂದದ್ದೂ ಅದೇ ವರ್ಷ. ಅದಕ್ಕೂ ಮೊದಲೇ ವೇವ್‌ಲ್ಯಾನ್‌ನಂಥ ತಂತಿಯಿಲ್ಲದ ಕಾರ್ಡುಗಳು ಮಾರುಕಟ್ಟೆಯಲ್ಲಿದ್ದವು. ಒಂದೊಂದು ಕಂಪನಿಯ ಕಾರ್ಡು ಒಂದೊಂದು ರೀತಿ. ಲಿನಕ್ಸ್‌ನಲ್ಲಿ ಒಂದೊಂದಕ್ಕೂ ಬೇರೆ ಉಪಕರಣ ಬೇಕಾಗುತ್ತಿತ್ತು.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಝಾನ್ ತುರೀಲ್ ಎಂಬವರು 1996ರಲ್ಲಿ ಇದಕ್ಕೊಂದು ಸಾಮಾನ್ಯ ಕಿಟಕಿ ಕಟ್ಟತೊಡಗಿದರು. ಅದರ ಹೆಸರು ವೈರ್‌ಲೆಸ್ ಎಕ್ಸ್‌ಟೆನ್ಶನ್ಸ್. ಅದರ ಜೊತೆ ಬಂದ ಐಡಬ್ಲ್ಯೂಕಾನ್ಫಿಗ್ ಎಂಬ ಆಜ್ಞೆಯನ್ನು ಹಳೆಯ ಲಿನಕ್ಸ್ ಬಳಕೆದಾರರು ಇನ್ನೂ ಮರೆತಿಲ್ಲ. ಕಾರ್ಡು ಯಾವ ಕಂಪನಿಯದ್ದೇ ಇರಲಿ, ಜಾಲದ ಹೆಸರು, ಚಾನಲ್, ಗುಪ್ತ ಕೀಲಿ ಇವನ್ನು ಒಂದೇ ಭಾಷೆಯಲ್ಲಿ ಹೇಳಬಹುದಾಯಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ.

ತುರೀಲ್ ಅವರು ಆರಿಸಿಕೊಂಡ ದಾರಿ ಐಯೋಕಂಟ್ರೋಲ್ ಎಂಬ ಯುನಿಕ್ಸ್ ಕಾಲದ ಹಳೇ ಕರೆ. ಕರ್ನಲ್‌ಗೆ ಒಂದು ಸಂಖ್ಯೆ ಮತ್ತು ಒಂದು ಅಳತೆ ಗೊತ್ತಾದ ಚೀಟಿ ಕೊಡುವುದು ಇದರ ಕ್ರಮ. ವೈಫೈ ಚೀಟಿಯಲ್ಲಿ ಸಾಧನದ ಹೆಸರಿಗೆ 16 ಬೈಟ್, ಹೇಳಬೇಕಾದ ಮಾತಿಗೆ 16 ಬೈಟ್. ಅದಕ್ಕಿಂತ ದೊಡ್ಡದೇನಾದರೂ ಇದ್ದರೆ ‘ಅದು ಮೆಮರಿಯ ಇಂಥ ಜಾಗದಲ್ಲಿದೆ, ಹೋಗಿ ನೋಡಿಕೋ’ ಎಂದು ವಿಳಾಸ ಬರೆಯಬೇಕು. ಮನೆಗೊಂದು ಕಾರ್ಡು, ಆಫೀಸಿಗೊಂದು ಜಾಲ ಇದ್ದ ಕಾಲಕ್ಕೆ ಇದು ಸಾಲುತ್ತಿತ್ತು.

ತೊಂದರೆಗಳು ಒಂದೊಂದಾಗಿ ತಲೆ ಎತ್ತಿದವು.

ಮೊದಲನೆಯದು, ಬಿಡಿಬಿಡಿ ಅರ್ಜಿ. ಜಾಲದ ಹೆಸರು ಒಂದು ಕರೆ, ಕೀಲಿ ಇನ್ನೊಂದು ಕರೆ, ಚಾನಲ್ ಮತ್ತೊಂದು. ವಿಮೆ ಅರ್ಜಿಗೆ ಬೆಳಿಗ್ಗೆ ಆಧಾರ್ ಕೊಟ್ಟು, ಮಧ್ಯಾಹ್ನ ಉತಾರ ಕೊಟ್ಟು, ಸಂಜೆ ಪಾಸ್‌ಬುಕ್ ಕೊಟ್ಟಂತೆ. ಒಳಗಿನವರು ಎಲ್ಲ ಬರುವವರೆಗೆ ಕಾಯಬೇಕೋ, ಬಂದಷ್ಟರಲ್ಲೇ ಕೆಲಸ ಶುರು ಮಾಡಬೇಕೋ? ಈ ಬಗ್ಗೆ ನಿಯಮ ಸ್ಪಷ್ಟವಿರಲಿಲ್ಲ. ಕೆಲವು ಡ್ರೈವರುಗಳು ಹೆಸರು ಬಂದ ಕೂಡಲೇ ಜಾಲಕ್ಕೆ ಸೇರಲು ಓಡುತ್ತಿದ್ದವು, ಕೀಲಿ ಇನ್ನೂ ಬಂದೇ ಇರುತ್ತಿರಲಿಲ್ಲ. ಒಂದು ಕಾರ್ಡಿನಲ್ಲಿ ಸರಿಹೋದ ಕ್ರಮ ಇನ್ನೊಂದರಲ್ಲಿ ಕೈಕೊಡುತ್ತಿತ್ತು.

ಎರಡನೆಯದು, ಚೀಟಿಯ ಅಳತೆ. ಸುತ್ತಮುತ್ತ ಯಾವ ಜಾಲಗಳಿವೆ ಎಂದು ಕೇಳಿದರೆ ಉತ್ತರದ ಉದ್ದ ಬರೆಯಲು ಇದ್ದ ಜಾಗ 16 ಬಿಟ್. ಅಂದರೆ ಉತ್ತರ 65,535 ಬೈಟ್ ಮೀರುವಂತಿಲ್ಲ. ಬೆಳವಣಕಿಯಲ್ಲಿ ನಾಲ್ಕು ವೈಫೈ ಕಾಣುತ್ತವೆ, ಏನೂ ತೊಂದರೆಯಿಲ್ಲ. ದೊಡ್ಡ ನಗರದ ಬಹುಮಹಡಿ ಕಟ್ಟಡದಲ್ಲಿ ನೂರಾರು ಜಾಲ ಕಂಡರೆ ಉತ್ತರವೇ ಹಿಡಿಸದೆ ಇಡೀ ಪಟ್ಟಿ ಬಿದ್ದುಹೋಗುತ್ತಿತ್ತು.

ಮೂರನೆಯದು, ಖಾಸಗಿ ಕಿಟಕಿ. ಸಾಮಾನ್ಯ ಕಿಟಕಿಯಲ್ಲಿ ಹೇಳಲಾಗದ ಮಾತಿಗೆ ಒಂದೊಂದು ಡ್ರೈವರೂ ತನ್ನದೇ ಗುಪ್ತ ಸಂಖ್ಯೆಗಳನ್ನು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡವು. ಒಂದೇ ಭಾಷೆ ಎಂದು ಶುರುವಾದದ್ದು ಮತ್ತೆ ಕೇರಿಗೊಂದು ಮಾತಾಯಿತು.

ಕೀಲಿ ಮುರಿದಾಗ

2001ರಲ್ಲಿ ದೊಡ್ಡ ಪೆಟ್ಟು ಬಿತ್ತು. ವೈಫೈಗೆ ಬೀಗವಾಗಿದ್ದ ವೆಪ್ ಎಂಬ ಗುಪ್ತಲಿಪಿ ವಿಧಾನವನ್ನು ಹೇಗೆ ಮುರಿಯಬಹುದು ಎಂದು ಫ್ಲೂರರ್, ಮ್ಯಾಂಟಿನ್, ಶಮೀರ್ ಎಂಬ ಮೂವರು ಗುಪ್ತಲಿಪಿ ತಜ್ಞರು ಪ್ರಬಂಧ ಬರೆದು ತೋರಿಸಿದರು. ಹೊಸ ಬೀಗ ಬೇಕಾಯಿತು. 2003ರಲ್ಲಿ ಡಬ್ಲ್ಯೂಪಿಎ ಬಂತು, 2004ರಲ್ಲಿ 802.11ಐ ಎಂಬ ಪೂರ್ಣ ಮಾನದಂಡ ಬಂತು. ಇವತ್ತು ನಾವು ಡಬ್ಲ್ಯೂಪಿಎ2 ಎಂದು ರೌಟರಿನಲ್ಲಿ ಆರಿಸುವುದು ಅದನ್ನೇ.

ಹೊಸ ಬೀಗಕ್ಕೆ ಒಂದು ಕೀಲಿ ಬರೆದುಕೊಟ್ಟರೆ ಸಾಲದು. ರೌಟರ್ ಮತ್ತು ಯಂತ್ರ ತಮ್ಮ ತಮ್ಮಲ್ಲಿ ನಾಲ್ಕು ಸುತ್ತು ಮಾತಾಡಿ ಕೀಲಿ ಹುಟ್ಟಿಸಿಕೊಳ್ಳಬೇಕು, ಆಗಾಗ ಬದಲಿಸಬೇಕು. ಇಷ್ಟೆಲ್ಲ ಕೆಲಸವನ್ನು ಕರ್ನಲ್ ಒಳಗೆ ಇಡುವುದು ಅಪಾಯ. ಅಲ್ಲಿ ತಪ್ಪಾದರೆ ಇಡೀ ಯಂತ್ರ ಕುಸಿಯುತ್ತದೆ. ಫಿನ್ಲೆಂಡಿನ ಯೌನಿ ಮಾಲಿನೆನ್ ಇದನ್ನು ಯೂಸರ್‌ಸ್ಪೇಸ್‌ನಲ್ಲೇ ಮಾಡುವ ಡಬ್ಲ್ಯೂಪಿಎ ಸಪ್ಲಿಕೆಂಟ್ ಎಂಬ ಪ್ರೋಗ್ರಾಮು ಬರೆದರು. ಅದು 2003ರಿಂದ ಬಳಕೆಯಲ್ಲಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇವತ್ತೂ ಈ ಕೆಲಸ ಮಾಡುವುದು ಅದೇ.

ಹೊರಗಿನ ಪ್ರೋಗ್ರಾಮು ಒಳಗಿನ ಕಾರ್ಡಿನ ಜೊತೆ ಕ್ಷಣಕ್ಷಣಕ್ಕೂ ಮಾತಾಡಬೇಕಾದ ಕಾಲ ಬಂತು. ಕಿಟಕಿ ಮಾತ್ರ 1997ರದ್ದು. ಅದಕ್ಕೇ ತೇಪೆ ಹಚ್ಚುತ್ತ ಹೋದರು. 2005ರ ಸುಮಾರಿಗೆ ಹದಿನೆಂಟನೇ ಆವೃತ್ತಿಯಲ್ಲಿ ಡಬ್ಲ್ಯೂಪಿಎಗೆ ಬೇಕಾದ ಕರೆಗಳನ್ನು ಸೇರಿಸಿದರು. ಚೀಟಿಯ ಅಳತೆ ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಅದನ್ನು ಬದಲಿಸಿದರೆ ಹಳೇ ಪ್ರೋಗ್ರಾಮುಗಳು ನಿಲ್ಲುತ್ತವೆ.

ಇದೇ ಹೊತ್ತಿಗೆ ಕಾರ್ಡುಗಳ ಸ್ವಭಾವವೂ ಬದಲಾಯಿತು. ಮೊದಲಿನ ಕಾರ್ಡುಗಳಲ್ಲಿ ಬುದ್ಧಿ ಒಳಗೇ ಇರುತ್ತಿತ್ತು. ಬೆಲೆ ಇಳಿಸಲು ಕಂಪನಿಗಳು ಆ ಬುದ್ಧಿಯನ್ನು ಕಾರ್ಡಿನಿಂದ ತೆಗೆದು ಕಂಪ್ಯೂಟರಿನ ಮೇಲೆ ಹಾಕಿದವು. ಈಗ ಜಾಲ ಹುಡುಕುವುದು, ಸೇರುವುದು, ಪೊಟ್ಟಣ ಮತ್ತೆ ಕಳಿಸುವುದು ಎಲ್ಲ ಡ್ರೈವರಿನ ಕೆಲಸ. ಒಬ್ಬೊಬ್ಬ ಡ್ರೈವರ್ ಲೇಖಕರೂ ಅದೇ ಚಕ್ರವನ್ನು ಮತ್ತೆ ಮತ್ತೆ ಕಟ್ಟಬೇಕಾಯಿತು. ಕೆಲವು ಕಂಪನಿಗಳಂತೂ ಲಿನಕ್ಸ್‌ಗೆ ಡ್ರೈವರನ್ನೇ ಕೊಡಲಿಲ್ಲ. ಆಗ ವಿಂಡೋಸ್ ಡ್ರೈವರನ್ನು ಎತ್ತಿತಂದು ಲಿನಕ್ಸ್ ಒಳಗೆ ಓಡಿಸುವ ಎನ್‌ಡಿಐಎಸ್‌ವ್ರ್ಯಾಪರ್ ಎಂಬ ಉಪಾಯವೇ ಅನೇಕರಿಗೆ ಗತಿಯಾಗಿತ್ತು.

ಹೊಸ ಕಿಟಕಿ

ಡಿವೈಸ್‌ಸ್ಕೇಪ್ ಎಂಬ ಕಂಪನಿ 2006ರಲ್ಲಿ ತಾನು ಬರೆದಿದ್ದ ವೈಫೈ ತಂತ್ರಾಂಶದ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ಅದನ್ನು ತಿದ್ದಿ ತೀಡಿ ಮ್ಯಾಕ್80211 ಎಂಬ ಹೆಸರಿನಲ್ಲಿ ಕರ್ನಲ್‌ಗೆ ಸೇರಿಸಿದರು. ಎಲ್ಲ ಡ್ರೈವರುಗಳಿಗೂ ಬೇಕಾದ ಬುದ್ಧಿ ಒಂದೇ ಕಡೆ ಸಿಕ್ಕಿತು. ಆಗ ಲಿನಕ್ಸ್ ವೈಫೈ ವಿಭಾಗದ ಉಸ್ತುವಾರಿ ನೋಡುತ್ತಿದ್ದವರು ಜಾನ್ ಲಿನ್ವಿಲ್.

ಕಿಟಕಿಯ ಕೆಲಸಕ್ಕೆ ಕೈಹಾಕಿದವರು ಜರ್ಮನಿಯ ಯೋಹಾನೆಸ್ ಬೆರ್ಗ್. ಅವರು ಎರಡು ಭಾಗ ಮಾಡಿದರು. ಸಿಎಫ್‌ಜಿ80211 ಎಂಬುದು ಒಳಗಿನ ಗುಮಾಸ್ತ. ಡ್ರೈವರುಗಳೆಲ್ಲ ಅದರ ಮೂಲಕವೇ ವ್ಯವಹರಿಸಬೇಕು. ಎನ್ಎಲ್80211 ಎಂಬುದು ಹೊರಗಿನ ಕಿಟಕಿ. ಮ್ಯಾಕ್80211 ಮತ್ತು ಸಿಎಫ್‌ಜಿ80211 ಎರಡೂ 2007ರ ಜುಲೈನಲ್ಲಿ ಬಂದ 2.6.22ನೇ ಕರ್ನಲ್‌ನಲ್ಲಿ ಸೇರಿದವು. ಎನ್ಎಲ್80211 ಅದರ ಹಿಂದೆ 2008ರ ಜನವರಿಯ 2.6.24ರಲ್ಲಿ ಬಂತು. ಮೊದಲ ದಿನ ಅದರಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಜಾಲ ಹುಡುಕುವುದು, ಸೇರುವುದು ಮುಂತಾದ ಮುಖ್ಯ ಆಜ್ಞೆಗಳು 2009ರ ಹೊತ್ತಿಗೆ ತುಂಬಿಕೊಂಡವು.

ಹೊಸ ಕಿಟಕಿಯಲ್ಲಿ ಹೊಸದೇನಿತ್ತು? ಇದು ನೆಟ್‌ಲಿಂಕ್ ಎಂಬ ಸಂದೇಶ ವ್ಯವಸ್ಥೆಯ ಮೇಲೆ ನಿಂತಿದೆ. ಇಲ್ಲಿ ಅಳತೆಯ ಚೀಟಿ ಇಲ್ಲ. ಅರ್ಜಿಯ ಒಂದೊಂದು ಸಾಲಿಗೂ ‘ಇದು ಯಾವ ವಿಷಯ’, ‘ಇದು ಎಷ್ಟು ಉದ್ದ’ ಎಂಬ ಗುರುತು ಇರುತ್ತದೆ, ಆಮೇಲೆ ವಿಷಯ. ಎಷ್ಟು ಸಾಲು ಬೇಕಾದರೂ ಬರೆಯಬಹುದು. ಉತ್ತರ ದೊಡ್ಡದಾದರೆ ಕಂತು ಕಂತಾಗಿ ಬರುತ್ತದೆ. ಕರ್ನಲ್ ಕಳಿಸಿದ ಉತ್ತರದಲ್ಲಿ ಹಳೇ ಪ್ರೋಗ್ರಾಮಿಗೆ ಗೊತ್ತಿಲ್ಲದ ಹೊಸ ಸಾಲು ಇದ್ದರೆ ಉದ್ದ ನೋಡಿ ದಾಟಿಹೋಗಬಹುದು, ಕೆಲಸ ನಿಲ್ಲುವುದಿಲ್ಲ. ಶುರುವಿನಲ್ಲಿ ಕೈಬೆರಳಿನಷ್ಟು ಆಜ್ಞೆಗಳಿದ್ದದ್ದು ಈಗ ನೂರು ದಾಟಿವೆ. ಅರ್ಜಿಯಲ್ಲಿ ಬರೆಯಬಹುದಾದ ವಿಷಯಗಳು ಮುನ್ನೂರು ದಾಟಿವೆ. ಕಿಟಕಿ ಒಡೆಯದೆ ಇಷ್ಟು ಬೆಳೆದದ್ದು ಆ ಗುರುತಿನ ಕ್ರಮದಿಂದ.

ಬಿಡಿ ಅರ್ಜಿಯ ಕಾಲವೂ ಮುಗಿಯಿತು. ‘ಸೇರು’ ಎಂಬ ಒಂದೇ ಆಜ್ಞೆಯಲ್ಲಿ ಜಾಲದ ಹೆಸರು, ರೌಟರ್ ಗುರುತು, ಚಾನಲ್, ಬೀಗದ ವಿವರ ಎಲ್ಲ ಒಟ್ಟಿಗೆ ಹೋಗುತ್ತವೆ. ಒಂದು ಸಾಲು ತಪ್ಪಿದ್ದರೆ ಅರ್ಜಿ ಅಲ್ಲೇ ತಿರಸ್ಕಾರ. ಅರೆಬರೆ ಕೆಲಸ ಆಗುವುದಿಲ್ಲ. ಒಳಗೆ ಏನಾದರೂ ಆದರೆ, ಸಂಪರ್ಕ ಕಡಿದರೆ ಅಥವಾ ಹುಡುಕಾಟ ಮುಗಿದರೆ, ಕರ್ನಲ್ ಡಂಗುರ ಸಾರುತ್ತದೆ. ಕೇಳಬೇಕಾದ ಪ್ರೋಗ್ರಾಮುಗಳೆಲ್ಲ ಒಮ್ಮೆಗೇ ಕೇಳಿಸಿಕೊಳ್ಳುತ್ತವೆ.

ಇನ್ನೊಂದು ಬದಲಾವಣೆ ನಮಗೆಲ್ಲ ದಿನಬಳಕೆಯದು. ಹಳೇ ಕಿಟಕಿಯಲ್ಲಿ ರೇಡಿಯೊ ಮತ್ತು ಜಾಲದ ಸಾಧನ ಒಂದೇ ಎಂದು ಎಣಿಸಿದ್ದರು. ಬೆರ್ಗ್ ಎರಡನ್ನೂ ಬೇರೆ ಮಾಡಿದರು. ಒಂದು ರೇಡಿಯೊದ ಮೇಲೆ ಹಲವು ಸಾಧನಗಳನ್ನು ನಿಲ್ಲಿಸಬಹುದಾಯಿತು. ಒಂದೇ ಮೊಬೈಲು ಒಂದು ಕಡೆ ಮನೆಯ ವೈಫೈಗೆ ಸೇರಿಕೊಂಡೇ ಇನ್ನೊಂದು ಕಡೆ ಹಾಟ್‌ಸ್ಪಾಟ್ ಆಗುವುದು ಈ ವಿಂಗಡಣೆಯಿಂದ ಸುಲಭವಾಯಿತು.

ಕಾಯ್ದೆ ಯಾರ ಕೈಯಲ್ಲಿ?

ಈಗ ನಮ್ಮ ಹದಿಮೂರನೇ ಚಾನಲ್‌ಗೆ ಬರೋಣ. ವೈಫೈ ಎಂದರೆ ರೇಡಿಯೊ. ಆಕಾಶದ ಅಲೆಗಳು ಸರ್ಕಾರದ ಕಾಯ್ದೆಗೆ ಒಳಪಟ್ಟವು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದನೇ ಚಾನಲಿನ ನಡುಬಿಂದು 2412 ಮೆಗಾಹರ್ಟ್ಸ್, ಅಲ್ಲಿಂದ ಐದೈದಕ್ಕೆ ಒಂದು ಚಾನಲ್. ಹನ್ನೊಂದನೆಯದು 2462, ಹದಿಮೂರನೆಯದು 2472. ಭಾರತದಲ್ಲಿ 2005ರ ಜನವರಿಯ ಅಧಿಸೂಚನೆಯಿಂದ 2400ರಿಂದ 2483.5 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಹಾಗಾಗಿ ನಮ್ಮಲ್ಲಿ ಹದಿಮೂರು ಕಾಯ್ದೆಬದ್ಧ. 5 ಗಿಗಾಹರ್ಟ್ಸ್ ಪಟ್ಟಿಯ ನಿಯಮ 2018ರ ಅಕ್ಟೋಬರಿನಲ್ಲಿ ಸಡಿಲವಾಯಿತು. ದೇಶಕ್ಕೊಂದು ನಿಯಮ, ಅದೂ ಆಗಾಗ ಬದಲಾಗುವಂಥದ್ದು.

ಕಂಪನಿಗಳು ಲಿನಕ್ಸ್‌ಗೆ ಡ್ರೈವರ್ ಕೊಡಲು ಹಿಂಜರಿಯುತ್ತಿದ್ದದ್ದಕ್ಕೆ ಒಂದು ಕಾರಣ ಇದೇ. ಮೂಲ ತೆರೆದಿಟ್ಟರೆ ಯಾರಾದರೂ ತಿದ್ದಿ ನಿಷೇಧಿತ ಅಲೆಯಲ್ಲಿ ಪ್ರಸಾರ ಮಾಡಿಯಾರು, ನಿಯಂತ್ರಕರು ನಮ್ಮನ್ನು ಹಿಡಿದಾರು ಎಂಬ ಭಯ. ಅಥೆರಾಸ್ ಚಿಪ್‌ಗಳ ಹಳೇ ಡ್ರೈವರಿನಲ್ಲಿ ರೇಡಿಯೊ ಮುಟ್ಟುವ ಭಾಗವನ್ನು ಮಾತ್ರ ಮುಚ್ಚಿದ ಡಬ್ಬಿಯಂತೆ ಕೊಡುತ್ತಿದ್ದರು.

ಹೊಸ ಕಿಟಕಿ ಕಟ್ಟಿದವರು ಕಾಯ್ದೆಯನ್ನು ಡ್ರೈವರಿನಿಂದ ಹೊರತೆಗೆದು ಸಿಎಫ್‌ಜಿ80211 ಎಂಬ ಗುಮಾಸ್ತನ ಕೈಗೆ ಕೊಟ್ಟರು. 2008ರ ಕೊನೆಗೆ ಬಂದ 2.6.28ರಿಂದ ದೇಶದೇಶಗಳ ನಿಯಮಗಳ ಒಂದು ಪಟ್ಟಿಯನ್ನು ಕರ್ನಲ್ ಹೊರಗೆ ಇಟ್ಟರು. ಲೂಯಿಸ್ ರೊಡ್ರಿಗಸ್ ಈ ಕೆಲಸದಲ್ಲಿ ಮುಂದಿದ್ದರು. ಕಾಯ್ದೆ ಬದಲಾದರೆ ಪಟ್ಟಿ ಮಾತ್ರ ಹೊಸದು ಹಾಕಿದರೆ ಸಾಕು, ಕರ್ನಲ್ ಬದಲಿಸಬೇಕಿಲ್ಲ. ಪಟ್ಟಿಯನ್ನು ಯಾರೋ ತಿದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದಕ್ಕೆ ಡಿಜಿಟಲ್ ಸಹಿ. 2018ರ ಜನವರಿಯ 4.15ನೇ ಕರ್ನಲ್‌ನಿಂದ ಸಹಿಯನ್ನು ಕರ್ನಲ್ ತಾನೇ ನೋಡಿ ಪಟ್ಟಿ ಓದುತ್ತದೆ. ಭಾರತದ ಸಾಲೂ ಆ ಪಟ್ಟಿಯಲ್ಲಿದೆ: 2402ರಿಂದ 2482.

ಕಾಯ್ದೆಗೆ ಒಂದು ನಂಬುವಂಥ ಜಾಗ ಸಿಕ್ಕ ಮೇಲೆ ಕಂಪನಿಗಳ ಭಯಕ್ಕೆ ಉತ್ತರ ಸಿಕ್ಕಂತಾಯಿತು. ಅಥೆರಾಸ್ 2008ರಲ್ಲಿ ತಾನೇ ಎಎಥ್9ಕೆ ಎಂಬ ತೆರೆದ ಡ್ರೈವರ್ ಕೊಟ್ಟಿತು, ಮುಚ್ಚಿದ ಡಬ್ಬಿಯ ಮೂಲವನ್ನೂ ಬಿಟ್ಟುಕೊಟ್ಟಿತು. ನಮ್ಮ ಅಂಗಡಿಯ ಹಳೇ ಲ್ಯಾಪ್‌ಟಾಪಿನ ಕಾರ್ಡು ಆ ಡ್ರೈವರಿನ ಮೇಲೇ ಓಡುತ್ತದೆ. ಆ ತೀರ್ಮಾನ ಆಗದೇ ಹೋಗಿದ್ದರೆ ಆ ಯಂತ್ರ ಯಾವಾಗಲೋ ಗುಜರಿಗೆ ಹೋಗಿರುತ್ತಿತ್ತು.

ಅದೇ ತೀರ್ಮಾನವೇ ಆ ದಿನ ನಮ್ಮ ಕೈ ಕಟ್ಟಿತು. ವ್ಯವಸ್ಥೆಯಲ್ಲಿ ಮೂವರಿಗೆ ಮಾತಿದೆ. ಕಾರ್ಖಾನೆಯಲ್ಲಿ ಕಾರ್ಡಿನ ಮೆಮರಿಯಲ್ಲಿ ಬರೆದ ದೇಶದ ಗುರುತಿಗೆ ಒಂದು ಮಾತು, ಸಹಿ ಹಾಕಿದ ಪಟ್ಟಿಗೆ ಒಂದು ಮಾತು, ಬಳಕೆದಾರನಿಗೆ ಒಂದು ಮಾತು. ಬಳಕೆದಾರ ಇಂಥ ಕಾರ್ಡಿನಲ್ಲಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ. ಅಮೆರಿಕದ ಗುರುತಿನ ಕಾರ್ಡಿಗೆ ಭಾರತ ಎಂದರೆ ಎರಡೂ ಕಡೆ ಒಪ್ಪಿಗೆ ಇರುವಷ್ಟು ಮಾತ್ರ ಉಳಿಯುತ್ತದೆ. ಎರಡೂ ಕಡೆ ಇರುವುದು ಒಂದರಿಂದ ಹನ್ನೊಂದು. ನಮ್ಮ ಆಜ್ಞೆ ಕಿಟಕಿಯಲ್ಲಿ ಸ್ವೀಕಾರವಾಗಿಯೂ ಹದಿಮೂರು ಸಿಗದ ಗುಟ್ಟು ಇಷ್ಟೇ.

ಇದು ಸರಿಯೇ? ನಾವು ಬಹಳ ಯೋಚಿಸಿದೆವು. ಊರಿನವನ ಅನುಭವಕ್ಕಿಂತ ಕಾರ್ಖಾನೆಯ ಮುದ್ರೆ ದೊಡ್ಡದಾಯಿತಲ್ಲ ಎಂದು ಸಿಟ್ಟು ಬರುತ್ತದೆ. ಆದರೆ ಆ ಬಿಗಿ ಇರದಿದ್ದರೆ ತೆರೆದ ಡ್ರೈವರೇ ಬರುತ್ತಿರಲಿಲ್ಲ ಎಂಬುದೂ ನಿಜ. ಒಂದು ವಿಷಯದಲ್ಲಿ ಮಾತ್ರ ನಮಗೆ ಅನುಮಾನವಿಲ್ಲ: ಯಂತ್ರ ತಾನು ಯಾವ ಕಾಯ್ದೆಯ ಕೆಳಗಿದೆ ಎಂದು ಕೇಳಿದರೆ ಹೇಳಿತು. ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ ಅದು. ಹಳೇ ಮುಚ್ಚಿದ ಡಬ್ಬಿಯ ಕಾಲದಲ್ಲಾಗಿದ್ದರೆ ಮೂರು ತಾಸಲ್ಲ, ಮೂರು ದಿನವಾದರೂ ಕಾರಣ ಗೊತ್ತಾಗುತ್ತಿರಲಿಲ್ಲ.

ಹಳೇ ಕಿಟಕಿ ಮುಚ್ಚಿದ್ದು ಯಾವಾಗ?

ಹೊಸ ಕಿಟಕಿ ಬಂದ ಮೇಲೂ ಹಳೆಯದನ್ನು ತೆಗೆಯಲಿಲ್ಲ. ತೆಗೆಯುವಂತಿರಲಿಲ್ಲ. ಹಳೇ ಚೀಟಿ ತಂದವರಿಗಾಗಿ ಸಿಎಫ್‌ಜಿ80211 ಒಳಗೇ ಒಬ್ಬ ದುಭಾಷಿಯನ್ನು ಕೂರಿಸಿದರು. ಚೀಟಿಯನ್ನು ಹೊಸ ಅರ್ಜಿಗೆ ತರ್ಜುಮೆ ಮಾಡಿ ಒಳಗೆ ಕಳಿಸುವುದು ಅದರ ಕೆಲಸ. ಹೀಗೆ ವರ್ಷಗಳು ಕಳೆದವು. 2023ರಲ್ಲಿ, ಒಂದೇ ಬಾರಿ ಹಲವು ಅಲೆಪಟ್ಟಿಗಳಲ್ಲಿ ಮಾತಾಡುವ ವೈಫೈ 7 ಸಾಧನಗಳ ಮಾತು ಬಂದಾಗ, ಅಂಥ ಸಾಧನಗಳಿಗೆ ಮಾತ್ರ ಹಳೇ ಚೀಟಿ ನಡೆಯುವುದಿಲ್ಲ ಎಂದು ತೀರ್ಮಾನಿಸಿದರು. ಉಳಿದ ಕಾರ್ಡುಗಳಲ್ಲಿ ಅದು ಅದರ ಪಾಡಿಗೆ ಉಳಿಯಿತು. 1997ರ ಸುಮಾರಿಗೆ ಬರೆದ 16 ಬೈಟಿನ ಚೀಟಿಗೆ ಬಾಗಿಲು ಹಾಕಲು ಇಪ್ಪತ್ತೈದು ವರ್ಷದ ಮೇಲೆ ಬೇಕಾಯಿತು, ಅದೂ ಅರ್ಧ ಬಾಗಿಲು.

ಖಾಸಗಿ ಕಿಟಕಿಯ ರೋಗವೂ ಪೂರ್ತಿ ಹೋಗಿಲ್ಲ. ಮೊಬೈಲು ಕಂಪನಿಗಳ ಒತ್ತಡದಿಂದ ಎನ್ಎಲ್80211 ಒಳಗೂ ತಯಾರಕರ ಸ್ವಂತ ಆಜ್ಞೆಗಳಿಗೆ ಒಂದು ಗೂಡು ಬಿಡಬೇಕಾಯಿತು. ಆದರೆ ಈಗ ಅವು ಎಲ್ಲಿವೆ, ಯಾವ ಕಂಪನಿಯವು ಎಂಬುದಕ್ಕೆ ಗುರುತು ಇರುತ್ತದೆ.

ಈ ಕಿಟಕಿಯ ಪ್ರಯೋಜನ ಹಳ್ಳಿಗಳಿಗೂ ಬಂದಿದೆ. ಲಿಂಕ್‌ಸಿಸ್ ಕಂಪನಿ 2003ರಲ್ಲಿ ತನ್ನ ರೌಟರಿನೊಳಗಿನ ಲಿನಕ್ಸ್ ಮೂಲವನ್ನು ಲೈಸೆನ್ಸಿನ ಕಟ್ಟುಪಾಡಿನಂತೆ ಬಿಟ್ಟುಕೊಟ್ಟ ಮೇಲೆ, 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ತಂತ್ರಾಂಶ ಹುಟ್ಟಿತು. ಅದೂ ಇಂದು ರೇಡಿಯೊ ಜೊತೆ ಮಾತಾಡುವುದು ಎನ್ಎಲ್80211 ಮೂಲಕ. ಅಗ್ಗದ ರೌಟರುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಊರಿನವರೇ ನಡೆಸುವ ಮೆಶ್ ಜಾಲಗಳು ಜಗತ್ತಿನ ಹಲವು ಕಡೆ ನಿಂತಿರುವುದು ಇಂಥ ತಂತ್ರಾಂಶದ ಬಲದಿಂದ. ನಮ್ಮ ರಾಜ್ಯದಲ್ಲೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಸಮುದಾಯದ ಮೆಶ್ ಜಾಲ ಕಟ್ಟುವ ಕೆಲಸ ಮಾಡಿದೆ. ರೋಣ ತಾಲೂಕಿನಲ್ಲಿ ಅಂಥದ್ದೊಂದು ಮಾಡಬಾರದೇಕೆ ಎಂದು ನಾವು ಈ ಬ್ಲಾಗಿನ ಗೆಳೆಯರು ಆಗಾಗ ಮಾತಾಡಿಕೊಳ್ಳುತ್ತೇವೆ.

ಕಚೇರಿಯ ಅರ್ಜಿ ನಮೂನೆಯಾಗಲಿ, ಕರ್ನಲ್ ಕಿಟಕಿಯಾಗಲಿ, ಒಮ್ಮೆ ಜನ ಅದಕ್ಕೆ ಒಗ್ಗಿಕೊಂಡರೆ ಅದು ಮಾತು ಕೊಟ್ಟಂತೆ. ಮುಂದೆ ಬರುವ ಸಾಲುಗಳಿಗೆ ಜಾಗ ಬಿಡದೆ ಬರೆದರೆ ಮುಂದಿನ ಇಪ್ಪತ್ತೈದು ವರ್ಷ ಯಾರೋ ಅದರ ದಂಡ ಕಟ್ಟುತ್ತಾರೆ. ಯಾರ ಮಾತು ಎಷ್ಟು ನಡೆಯುತ್ತದೆ ಎಂದು ಕಾಣುವಂತೆ ಬರೆದರೆ, ಕೆಲಸ ಕೆಟ್ಟ ದಿನ ಕನಿಷ್ಠ ಕಾರಣವಾದರೂ ಸಿಗುತ್ತದೆ.

ಆ ದಿನ ರೌಟರ್ ಆರಕ್ಕೆ ಇಳಿದ ಮೇಲೆ ಹುಡುಗ ತಲೆ ಎತ್ತದೆ ಅರ್ಜಿ ತುಂಬಿದ. ರಾತ್ರಿಯ ಹೊತ್ತಿಗೆ ಸಾಲು ಕರಗಿತು. ಆದರೆ ಮಧ್ಯಾಹ್ನ ಕಾದು ಬೇಸತ್ತು ‘ನಾಳೆ ಬರ್ತೀನಿ ತಮ್ಮಾ’ ಎಂದು ಎದ್ದುಹೋಗಿದ್ದ ಒಬ್ಬ ಅಜ್ಜ ಮರುದಿನ ಬೆಳಿಗ್ಗೆ ಅದೇ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ದಿನಾಂಕ ಮುಗಿದಿತ್ತು. ಅವರಿಗೆ ಚಾನಲ್ಲಿನ ಕಥೆ ಹೇಳುವ ಧೈರ್ಯ ನಮಗೆ ಬರಲಿಲ್ಲ.

ಈಗ ಆ ರೌಟರಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ಹುಡುಗನ ಅಕ್ಷರದಲ್ಲಿ: ‘ಚಾನಲ್ 6. ಯಾರೂ ಬದಲಿ ಮಾಡಬ್ಯಾಡ್ರಿ.’